ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಹೊಟ್ಟೆನೋವು: ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 29, ಐಟಿ ಕೆಲಸ. ಒಂದು ವರ್ಷದಿಂದ ಬೆಳಿಗ್ಗೆ ಹೊಟ್ಟೆ ಹಿಂಡಿದ ಹಾಗೆ ನೋವು. ಆಫೀಸಿಗೆ ಹೊರಡುವ ಮುಂಚೆ ಎರಡು ಮೂರು ಸಲ ಟಾಯ್ಲೆಟ್. ಹೋಗಿ ಬಂದರೆ ನೋವು ಇಳಿಯುತ್ತದೆ. ಮೀಟಿಂಗ್ ಇದ್ದ ದಿನ ಜಾಸ್ತಿ, ರಜೆಗೆ ಊರಿಗೆ ಹೋದರೆ ಇಲ್ಲವೇ ಇಲ್ಲ. ಪರೀಕ್ಷೆಗಳೆಲ್ಲ ನಾರ್ಮಲ್ ಬಂದಿವೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಸುಲಭವಾಗಿ ಕೆರಳುವ ತೊಂದರೆ) ಅಂದರು. ಅಮ್ಮ ‘ಎಲ್ಲಾ ನಿನ್ನ ಮನಸ್ಸಿನದು’ ಅಂತಾರೆ. ಹೌದಾ?

ಡಾಕ್ಟರ್: ನೋವು ನಿಜವಾದದ್ದೇ ಅಂತ ಅಮ್ಮನಿಗೆ ಹೇಳಿ. ಕರುಳಿಗೆ ತನ್ನದೇ ನರಜಾಲ ಇದೆ. ಅದಕ್ಕೂ ಮೆದುಳಿಗೂ ಸದಾ ಸಂಪರ್ಕ. ಟೆನ್ಷನ್ ಆದಾಗ ದೊಡ್ಡ ಕರುಳು ಬೇಗ ಬೇಗ ಹಿಂಡುತ್ತದೆ. ಐಬಿಎಸ್ ಇರುವವರಲ್ಲಿ ಆ ನರಗಳು ಬಹಳ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಇದ್ದರೂ ನಿಮಗೆ ನೋವಾಗುತ್ತದೆ. ಇದು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ.

ಬೆಳಿಗ್ಗೆ ಎಲ್ಲರ ಕರುಳೂ ಚುರುಕಾಗಿರುತ್ತದೆ. ಅದರ ಮೇಲೆ ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ, ಬಸ್ಸಿನ ಗಡಿಬಿಡಿ. ಮೊದಲು ಕಾಫಿ ಕಡಿಮೆ ಮಾಡಿ. ಅರ್ಧ ಗಂಟೆ ಮುಂಚೆ ಎದ್ದು, ಕೂತು ತಿಂಡಿ ತಿನ್ನಿ.

ಪ್ರಶ್ನೆ: ಯೂಟ್ಯೂಬ್ ನೋಡಿ ಹಾಲು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಾಳು ಎಲ್ಲ ಬಿಟ್ಟಿದ್ದೇನೆ. ತೂಕವೂ ಇಳಿದಿದೆ.

ಡಾಕ್ಟರ್: ಇದನ್ನ ಮೊದಲೇ ಹೇಳಬೇಕಿತ್ತು! ಊಟ ಬಿಟ್ಟು ಇಳಿದದ್ದೋ, ಬೇರೆ ಕಾರಣಕ್ಕೋ, ಅದನ್ನು ನಿಮ್ಮ ಡಾಕ್ಟರ್ ನೋಡಲೇಬೇಕು. ಮಲದಲ್ಲಿ ರಕ್ತ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೂ ಅಷ್ಟೇ, ಐಬಿಎಸ್ ಅಂತ ಸುಮ್ನೆ ಕೂರಬೇಡಿ.

ನೀವು ಬಿಟ್ಟ ಪಟ್ಟಿ ಫಾಡ್‌ಮ್ಯಾಪ್ ಪಥ್ಯದ್ದು, ಅಂದರೆ ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುವ ಆಹಾರ ಬಿಡುವ ಪಥ್ಯ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಅದರಲ್ಲಿ ಬಿಡುವುದು ಕೆಲವೇ ವಾರ. ಆಮೇಲೆ ಒಂದೊಂದಾಗಿ ವಾಪಸ್ ಸೇರಿಸಿ, ಯಾವುದು ಆಗಲ್ಲ ಅಂತ ನೋಡಬೇಕು. ಎಲ್ಲರಿಗೂ ಎಲ್ಲವೂ ಆಗದೆ ಇರುವುದಿಲ್ಲ. ಡಯೆಟಿಷಿಯನ್ ಜೊತೆಗೇ ಮಾಡಿ. (ಅವರೆಕಾಳು ಸೀಸನ್ನಿನಲ್ಲಿ ನನ್ನ ಕ್ಲಿನಿಕ್ ತುಂಬುವುದು ಸುಮ್ನೆ ಅಲ್ಲ.) ನಾರಿನಂಶಕ್ಕೆ ಅಂತ ಗೋಧಿ ತೌಡು ಬೇಡ, ಹೊಟ್ಟೆ ಉಬ್ಬರ ಜಾಸ್ತಿ ಆಗಬಹುದು. ಇಸಬ್‌ಗೋಲ್ ಸ್ವಲ್ಪದರಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ.

ಇನ್ನೊಬ್ಬರು: ಸರ್, ನನಗೂ ಐಬಿಎಸ್. ಅಮಿಟ್ರಿಪ್ಟಿಲಿನ್ ಬರೆದಿದ್ದಾರೆ. ಗೂಗಲ್ ಮಾಡಿದರೆ ಡಿಪ್ರೆಶನ್ ಮಾತ್ರೆ ಅಂತ ಬಂತು. ನುಂಗಲೇ ಇಲ್ಲ.

ಡಾಕ್ಟರ್: ಡಿಪ್ರೆಶನ್‌ಗೆ ಕೊಡುವ ಡೋಸ್ ಬೇರೆ, ದೊಡ್ಡದು. ನಿಮಗೆ ಕೊಡುವುದು ಚಿಕ್ಕ ಡೋಸ್, ಕರುಳಿನ ನರಗಳ ನೋವು ತಗ್ಗಿಸಲು. 2023ರಲ್ಲಿ ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲೂ ಉಪಯೋಗ ಕಂಡಿದೆ. ಬಾಯಿ ಒಣಗಬಹುದು, ತೂಕಡಿಕೆ ಬರಬಹುದು, ಅದಕ್ಕೇ ರಾತ್ರಿ ತಗೊಳ್ಳುವುದು. ಮಲಬದ್ಧತೆಯೋ ಹೃದಯದ ತೊಂದರೆಯೋ ಇದ್ದರೆ, ಶುರು ಮಾಡುವ ಮುಂಚೆ ಬರೆದುಕೊಟ್ಟವರಿಗೇ ಹೇಳಿ.