ಲಾಗಿನ್ ಚೆಕ್ ಹಾಕಿದ್ಮೇಲೆ ಡ್ಯಾಶ್‌ಬೋರ್ಡ್ ಆಮೆ ಥರ ಆಗಿದೆ, ಸೆಷನ್ನೇ ಬಿಟ್ಬಿಡ್ಲಾ?

ರಾತ್ರಿಪಾಳಿ:
ಎಲ್ರಿಗೂ ನಮಸ್ಕಾರ. ಒಂದು ಕಾಲೇಜಿನ ಸ್ಟೂಡೆಂಟ್ ಪೋರ್ಟಲ್ ನೋಡ್ಕೊಳ್ತಿದೀನಿ, ಉಬುಂಟು ಸರ್ವರ್, ವೆಬ್‌ಸರ್ವರ್ ಎಂಜಿನ್‌ಎಕ್ಸ್, ಕೋಡ್ ಪಿಎಚ್‌ಪಿ 8.1, ಡೇಟಾಬೇಸ್ ಮೈಎಸ್‌ಕ್ಯೂಎಲ್. ಮುಂಚೆ ಬರ್ದಿದ್ದೋರು ಲಾಗಿನ್ ಚೆಕ್ಕೇ ನೆಟ್ಟಗೆ ಹಾಕಿರ್ಲಿಲ್ಲ, ಯುಆರ್‌ಎಲ್ ಗೊತ್ತಿದ್ರೆ ಯಾರು ಬೇಕಾದ್ರೂ ಒಳಗೆ ಹೋಗ್ಬೋದಿತ್ತು. ಅದಕ್ಕೆ ಎಲ್ಲಾ ಫೈಲಿನ ಮೇಲ್ಗಡೆ ಒಂದು ಚೆಕ್ ಫೈಲ್ ಇನ್‌ಕ್ಲೂಡ್ ಮಾಡ್ದೆ, ಅದ್ರಲ್ಲಿ ಸೆಷನ್ (ಯಾರು ಲಾಗಿನ್ ಆಗಿದಾರೆ ಅಂತ ಸರ್ವರ್ ಇಟ್ಕೊಳ್ಳೋ ನೆನಪು) ಸ್ಟಾರ್ಟ್ ಮಾಡಿ ಯೂಸರ್ ಐಡಿ ಇದ್ಯಾ ನೋಡಿ, ಡೇಟಾಬೇಸಿಂದ ರೋಲ್ (ಸ್ಟೂಡೆಂಟಾ, ಆಫೀಸಿನೋರಾ ಅನ್ನೋದು) ತಗೊಂಡು, ಪರ್ಮಿಷನ್ ಇಲ್ದಿದ್ರೆ ಲಾಗಿನ್ ಪೇಜಿಗೆ ತಳ್ಳೋದು, ಅಷ್ಟೇ. ಅವತ್ತಿಂದ ಡ್ಯಾಶ್‌ಬೋರ್ಡ್ ಮಲ್ಕೊಂಡ್ಬಿಟ್ಟಿದೆ. ಅದ್ರಲ್ಲಿ ಆರು ಅಜಾಕ್ಸ್ ಕಾಲ್ (ಪೇಜ್ ತೆರೆದ್ಮೇಲೆ ಹಿಂದಿನಿಂದ ಡೇಟಾ ತರೋ ರಿಕ್ವೆಸ್ಟ್) ಇವೆ, ಹಾಜರಿ, ಫೀಸು, ಇಂಟರ್ನಲ್ಸ್, ಟೈಮ್‌ಟೇಬಲ್ ಹಿಂಗೆ. ಒಂದೊಂದೇ ಓಪನ್ ಮಾಡಿದ್ರೆ ಮುಕ್ಕಾಲು ಸೆಕೆಂಡು, ಒಟ್ಟಿಗೆ ಹೋದ್ರೆ ಕೊನೇದು ಬರೋಷ್ಟೊತ್ತಿಗೆ ನಾಲ್ಕೂವರೆ. ತಮಾಷೆ ಅಂದ್ರೆ ಸಿಪಿಯು 10% ಕೂಡ ದಾಟಲ್ಲ. ಸೀನಿಯರ್ ಒಬ್ರು ರೋಲ್ ಕ್ವೆರೀನೇ ಭಾರ ಅಂತಾರೆ, ಇನ್ನೊಬ್ರು ಸೆಷನ್ ಬಿಟ್ಟು ಜೆಡಬ್ಲ್ಯೂಟಿಗೆ (ಲಾಗಿನ್ ವಿವರನ ಸಹಿ ಹಾಕಿ ಬ್ರೌಸರ್ ಕೈಗೇ ಕೊಡೋ ಟೋಕನ್) ಹೋಗು ಅಂತಾರೆ. ಅಜಾಕ್ಸ್ ಫೈಲುಗಳಿಂದ ಮಾತ್ರ ಚೆಕ್ ತೆಗೆದ್ರೆ ನಡಿಯತ್ತಾ?

ಗಿರ್ಮಿಟ್:
ಆ ಕಡೀ ಸಾಲು ಮದ್ಲ ಅಳಿಸಿ ಹಾಕ್ರಿ. ಅಜಾಕ್ಸ್ ಫೈಲೂ ಒಂದು ಪೇಜಽ, ಅಡ್ರೆಸ್ ಹೊಡದ್ರ ತೆರೀತೈತಿ, ರಜಿಸ್ಟರ್ ನಂಬರ್ ಒಂದು ಅಂಕಿ ಬದಲಿ ಮಾಡಿದ್ರ ಮಂದಿ ಮಾರ್ಕ್ಸ್ ಎಲ್ಲಾ ಕಾಣ್ತಾವ.

ನಿಧಾನ ಆಗಾಕ ಚೆಕ್ ಕಾರಣ ಅಲ್ರಿ, ಲಾಕ್ ಕಾರಣ. ಪಿಎಚ್‌ಪಿ ಸೆಷನ್ ಏನೂ ಬದಲಿ ಮಾಡ್ದಿದ್ರ ಡಿಸ್ಕಿನ ಮ್ಯಾಲ ಫೈಲಿನ್ಯಾಗ ಇರ್ತೈತಿ. ಸೆಷನ್ ಸ್ಟಾರ್ಟ್ ಅಂದ ಕೂಡ್ಲೆ ಆ ಫೈಲಿಗೆ ಲಾಕ್ ಬೀಳ್ತೈತಿ, ಸ್ಕ್ರಿಪ್ಟ್ ಮುಗಿಯೂತನ ಬಿಡಂಗಿಲ್ಲ. ನಿಮ್ಮ ಆರೂ ಕಾಲ್ ಒಂದಽ ಕುಕಿ (ಬ್ರೌಸರ್ ಇಟ್ಕೊಂಡ ಸೆಷನ್ ಗುರ್ತು) ಹಿಡ್ಕೊಂಡು ಬರ್ತಾವ, ಅಂದ್ರ ಒಂದಽ ಫೈಲು, ಒಂದು ಒಳಗ ಹೋದ್ರ ಐದು ಹೊರಗ ಪಾಳಿ ಹಚ್ಚಿ ನಿಂದರ್ತಾವ. ಮುಕ್ಕಾಲು ಆರಲೆ ಎಷ್ಟು? ನಾಲ್ಕೂವರೆ. ಲೆಕ್ಕ ನೀವಽ ಕೊಟ್ಟೀರಿ ನೋಡ್ರಿ. ಸಿಪಿಯು ಖಾಲಿ ಕುಂತಿದ್ದೂ ಅದಕ್ಕಽ.

ಖಾತ್ರಿ ಬೇಕಂದ್ರ ಬ್ರೌಸರಿನ ಡೆವ್‌ಟೂಲ್ಸ್‌ನ್ಯಾಗ ನೆಟ್‌ವರ್ಕ್ ಟ್ಯಾಬ್ ತಗೀರಿ, ಆರೂ ಒಮ್ಮೆ ಹೊಂಟು ಮೆಟ್ಟಲದಂಗ ಒಂದರ ಹಿಂದ ಒಂದು ಮುಗೀತಿದ್ರ ಅದಽ. ಡ್ಯಾಶ್‌ಬೋರ್ಡ್ ತಿರುಗೂ ಮುಂದ ಇನ್‌ಕಾಗ್ನಿಟೋದಾಗ ಬ್ಯಾರೆ ಲಾಗಿನ್‌ಲೆ ಒಂದು ಪೇಜ್ ತಗೀರಿ, ಅದು ಪಟ್ ಅಂತ ಬಂದ್ರ ಸರ್ವರ್‌ದು ತಪ್ಪಿಲ್ಲ.

ಮಾಡೂದು ಇಷ್ಟಽ: ಚೆಕ್ ಫೈಲಿನ ಕಡೀಕ ಸೆಷನ್_ರೈಟ್_ಕ್ಲೋಸ್ ಅಂತ ಒಂದು ಸಾಲು ಹಾಕ್ರಿ, ಲಾಕ್ ಅಲ್ಲೇ ಬಿಡ್ತೈತಿ. ಆಮ್ಯಾಲೂ ಸೆಷನ್‌ನ್ಯಾಗಿನ ಯೂಸರ್ ಐಡಿ ಓದಾಕ ಬರ್ತೈತಿ, ಬರದ್ರ ಮಾತ್ರ ಉಳಿಯಂಗಿಲ್ಲ. ರೋಲ್ ಕ್ವೆರಿ ಹಂಗಽ ಇರ್ಲಿ, ಪ್ರೈಮರಿ ಕೀಲೆ ಒಂದು ಸಾಲು ತರಾಕ ಮೈಎಸ್‌ಕ್ಯೂಎಲ್‌ಗೆ ಏನ್ ಭಾರ? ನಾಳೆ ಯಾರದರ ರೋಲ್ ತಗದ್ರ ಮುಂದಿನ ಕ್ಲಿಕ್ಕಿಗೇ ಬಂದ್ ಆಕ್ಕೈತಿ, ಜೆಡಬ್ಲ್ಯೂಟಿಯಾಗ ರೋಲ್ ತುಂಬಿ ಕಳಿಸಿದ್ರ ಅದರ ಅವಧಿ ಮುಗಿಯೂತನ ಅಂವಾ ಒಳಗಽ ಇರ್ತಾನ.

ಹಳೇಸರ್ವರ್:
ಗಿರ್ಮಿಟ್ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಲಾಕ್‌ಗೆ ಕಾಯ್ತಿರೋ ಪ್ರತಿ ರಿಕ್ವೆಸ್ಟೂ ಎಫ್‌ಪಿಎಂನ (ಪಿಎಚ್‌ಪಿ ಓಡಿಸೋ ಸರ್ವೀಸ್) ಒಂದು ವರ್ಕರ್‌ನ ಹಿಡ್ಕೊಂಡೇ ಕೂತಿರತ್ತೆ. ಉಬುಂಟುನಲ್ಲಿ ಇನ್‌ಸ್ಟಾಲ್ ಮಾಡಿದ ಹಾಗೇ ಬಿಟ್ಟಿದ್ರೆ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟು ವರ್ಕರ್ ಮಿತಿ) 5, ಅಂದ್ರೆ ಒಬ್ಬ ಹುಡುಗ ಡ್ಯಾಶ್‌ಬೋರ್ಡ್ ತೆಗೆದ್ರೆ ಅವನೊಬ್ನೇ ಐದೂ ತಿಂದ, ಮಿಕ್ಕಿದ ಕಾಲೇಜೆಲ್ಲಾ ಹೊರಗೆ. ಇನ್‌ಕಾಗ್ನಿಟೋ ಟೆಸ್ಟಲ್ಲೂ ನಿಧಾನ ಬಂದ್ರೆ ಗಾಬರಿ ಆಗ್ಬೇಡಿ, ಇದೇ ಕಾರಣ ಇರ್ಬೋದು. ಎಫ್‌ಪಿಎಂ ಸ್ಲೋಲಾಗ್ (ನಿಧಾನದ ರಿಕ್ವೆಸ್ಟ್ ಎಲ್ಲಿ ನಿಂತಿದೆ ಅಂತ ಬರೆಯೋ ಲಾಗ್) ಆನ್ ಮಾಡಿ 2 ಸೆಕೆಂಡ್ ಇಡಿ, ಟ್ರೇಸಿನ ಮೊದಲ್ನೇ ಸಾಲಲ್ಲೇ ಸೆಷನ್_ಸ್ಟಾರ್ಟ್ ಅಂತ ಕಂಡ್ರೆ ಸೀನಿಯರ್‌ಗೆ ಸ್ಕ್ರೀನ್‌ಶಾಟ್ ಕಳ್ಸಿ 😄

ಇನ್ನೊಂದು, ಮಾರ್ಕ್ಸ್ ಕಾರ್ಡ್ ಪಿಡಿಎಫ್‌ನ ಪಿಎಚ್‌ಪಿಯಿಂದಾನೇ ಓದಿ ಕೊಡ್ತಿದೀರಾ? ಹಾಗಿದ್ರೆ ಪಿಎಚ್‌ಪಿ ಆ ಫೈಲು ಪೂರ್ತಿ ಓದಿ ಕೊಡೋವರೆಗೂ ಆ ಹುಡುಗನ ಬೇರೆ ಪೇಜ್ ಯಾವ್ದೂ ತೆಗಿಯಲ್ಲ. ಅಲ್ಲೂ ಮೊದ್ಲು ಸೆಷನ್ ಕ್ಲೋಸ್ ಮಾಡಿ, ಆಮೇಲೆ ಎಕ್ಸ್-ಆಕ್ಸೆಲ್-ರೀಡೈರೆಕ್ಟ್ ಹೆಡರ್ ಕೊಟ್ಟು ಫೈಲು ಕಳ್ಸೋ ಕೆಲಸ ಎಂಜಿನ್‌ಎಕ್ಸ್‌ಗೇ ಬಿಟ್ಬಿಡಿ. ಹಾಂ, ಲಾಗಿನ್ ಪೇಜಿಗೆ ತಳ್ಳೋ ಹೆಡರ್ ಆದ್ಮೇಲೆ ಎಕ್ಸಿಟ್ ಬರ್ದಿದೀರಾ ನೋಡ್ಕೊಳ್ಳಿ. ಇಲ್ದಿದ್ರೆ ಕೆಳಗಿನ ಕೋಡೆಲ್ಲಾ ಓಡೇ ಓಡತ್ತೆ.

ಬೆಣ್ಣೆದೋಸೆ:
ಇಷ್ಟೆಲ್ಲಾ ಯಾಕ್ ಗುರು, ಸೆಷನ್‌ನ ರೆಡಿಸ್‌ಗೆ (ಮೆಮೊರಿಯಲ್ಲೇ ಡೇಟಾ ಇಡೋ ಸ್ಟೋರ್) ಹಾಕು. ನಮ್ ಪ್ರಾಜೆಕ್ಟಲ್ಲಿ ಹಾಕಿದ ದಿನಾನೇ ಜುಂ ಅಂತ ಓಡ್ತು.

ಹಳೇಸರ್ವರ್:
ಓಡಿದ್ದು ರೆಡಿಸ್ ವೇಗಕ್ಕಲ್ಲ ದೋಸೆ ಅವ್ರೇ. ಪಿಎಚ್‌ಪಿ ರೆಡಿಸ್ ಎಕ್ಸ್‌ಟೆನ್ಷನ್‌ನಲ್ಲಿ ಸೆಷನ್ ಲಾಕಿಂಗ್ ನಾವಾಗೇ ಆನ್ ಮಾಡೋವರೆಗೂ ಆಫ್. ಲಾಕೇ ಇಲ್ಲ ಅಂದ್ಮೇಲೆ ಕಾಯೋದೆಲ್ಲಿ? ಆದ್ರೆ ಎರಡು ರಿಕ್ವೆಸ್ಟ್ ಒಟ್ಟಿಗೆ ಸೆಷನ್‌ಗೆ ಬರೆದ್ರೆ ಕೊನೆಗೆ ಮುಗ್ದಿದ್ದೇ ಉಳ್ಯೋದು, ಇನ್ನೊಂದು ಬರ್ದಿದ್ದು ಹೋಯ್ತು. ಫಾರ್ಮ್ ಟೋಕನ್ (ಫಾರ್ಮ್ ನಮ್ ಪೇಜಿಂದ್ಲೇ ಬಂತಾ ನೋಡೋ ಗುಟ್ಟಿನ ಕೋಡ್) ಯಾವಾಗ್ಲೋ ಒಂದ್ಸಲ ಮ್ಯಾಚ್ ಆಗಲ್ಲ ಅಂತ ನಾನು ಒಂದು ವಾರ ತಲೆ ಕೆಡಿಸ್ಕೊಂಡಿದ್ದು ಇದ್ರಿಂದ್ಲೇ. ಸರ್ವರ್ ಎರಡು ಮೂರು ಇದ್ರೆ ರೆಡಿಸ್ ಬೇಕು ಸರಿ, ಇವ್ರದ್ದು ಒಂದೇ ಅಲ್ವಾ.

ರಾತ್ರಿಪಾಳಿ:
ಒಂದೇ ಒಂದು ಸಾಲು ಸ್ವಾಮಿ!! ನಾಲ್ಕೂವರೆ ಇದ್ದಿದ್ದು ಒಂದು ಸೆಕೆಂಡ್ ಹತ್ರ ಬಂತು, ಮೆಟ್ಟಿಲೂ ಹೋಯ್ತು. ಮ್ಯಾಕ್ಸ್ ಚಿಲ್ಡ್ರನ್ ಕೂಡ 5 ಇತ್ತು, ರ್‍ಯಾಮ್ ನೋಡ್ಕೊಂಡು ಏರಿಸ್ದೆ. ಎಕ್ಸಿಟ್ ಮೂರು ಕಡೆ ಇರ್ಲಿಲ್ಲ, ಕೇಳ್ಬೇಡಿ. ಆದ್ರೆ ಖುಷಿಗೆ ಸ್ವಲ್ಪ ಜಾಸ್ತಿನೇ ಮಾಡ್ಬಿಟ್ಟೆ ಅನ್ಸತ್ತೆ, ಸೆಷನ್ ಸ್ಟಾರ್ಟಿಗೇ ರೀಡ್ ಅಂಡ್ ಕ್ಲೋಸ್ ಅಂತ ಆಪ್ಷನ್ ಇದ್ಯಲ್ಲ, ಅದನ್ನ ಎಲ್ಲಾ ಕಡೆ ಹಾಕ್ದೆ. ಈಗ ಆಫೀಸಿಂದ ಫೋನು, ಅಡ್ಮಿಷನ್ ಎಂಟ್ರಿ ಮಾಡ್ತಾ ಮಾಡ್ತಾನೇ ಲಾಗೌಟ್ ಆಗತ್ತಂತೆ, ಅರ್ಧ ಮುಕ್ಕಾಲು ಗಂಟೆಗೊಂದ್ಸಲ.

ಗಿರ್ಮಿಟ್:
ಆಗೂದಽ. ಆ ಆಪ್ಷನ್ ಫೈಲ್ ಓದಿ ಮುಚ್ತೈತಿ, ಫೈಲಿನ ಟೈಮ್ ಮುಟ್ಟಂಗಿಲ್ಲ. 1440 ಸೆಕೆಂಡ್ ಅಂದ್ರ 24 ನಿಮಿಷ ಯಾರೂ ಮುಟ್ಟದ ಫೈಲ್‌ನ ಕಸ ಅಂತ ತಿಳೀತೈತಿ, ಉಬುಂಟುದಾಗ ಅರ್ಧ ತಾಸಿಗೊಮ್ಮೆ ಒಂದು ಕೆಲಸ ಬಂದು ಗುಡಿಸಿ ಹೊಕ್ಕೈತಿ. ಆಫೀಸಿನವ್ರು ಟೈಪ್ ಮಾಡಾಕತ್ತಿದ್ರೂ ಫೈಲಿಗೆ ಅದು ಗೊತ್ತಿಲ್ಲ. ಅಜಾಕ್ಸಿಗೆ ಮಾತ್ರ ರೀಡ್ ಅಂಡ್ ಕ್ಲೋಸ್ ಇಡ್ರಿ, ಉಳಿದ ಪೇಜಿಗೆ ಮದ್ಲಿನಂಗ ಸ್ಟಾರ್ಟ್ ಮಾಡಿ ಚೆಕ್ ಮುಗದ ಮ್ಯಾಲ ರೈಟ್_ಕ್ಲೋಸ್ ಮಾಡ್ರಿ, ಏನೂ ಬದಲಾಗ್ದಿದ್ರೂ ಅದು ಟೈಮ್ ಹೊಸಾದು ಮಾಡ್ತೈತಿ. ಒಂದಽ ಫಾರ್ಮ್ ಮುಂದ ತಾಸುಗಟ್ಲೆ ಕುಂದ್ರೂ ಮಂದಿ ಇದ್ರ 1440 ಅನ್ನೂದನ್ನ ಪಿಎಚ್‌ಪಿ ಐಎನ್‌ಐ ಅನ್ನೂ ಸೆಟ್ಟಿಂಗ್ ಫೈಲಿನ್ಯಾಗ ಹೆಚ್ಚ ಮಾಡ್ರಿ. ಎಫ್‌ಪಿಎಂ ರೀಲೋಡ್ ಮಾಡೂದು ಮರೀಬ್ಯಾಡ್ರಿ ಮತ್ತ.