ಡಾಕ್ಟರ್ ಫೀ ಇಳಿದರೆ ಪೊರೆ ಆಪರೇಷನ್ ಖರ್ಚೂ ಇಳಿಯುತ್ತಾ?

ಪ್ರಶ್ನೆ (ಆಳಂದ): ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ತೊಗರಿಬೇಳೆ ಆರಿಸುವಾಗ ಹರಳು ಕಾಣದೆ ಬೆರಳಲ್ಲೇ ಸವರಿ ತೆಗೆಯುತ್ತಾಳೆ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ 18 ಸಾವಿರ ಅಂದರು, ಇನ್ನೊಂದರಲ್ಲಿ 40 ಸಾವಿರ. ಅಮೆರಿಕದಲ್ಲಿ ಸರ್ಕಾರವೇ ಡಾಕ್ಟರ್ ಫೀ ಇಳಿಸಿತಂತೆ. ಇಲ್ಲೂ ಇಳಿಸಿದರೆ ನಮ್ಮಂಥವರಿಗೆ ಅನುಕೂಲ ಅಲ್ವಾ ಸರ್?

ಉತ್ತರ (ಕಣ್ಣಿನ ಡಾಕ್ಟರ್, ಕಲಬುರಗಿ): ಇಳಿಸಿದ್ದು ನಿಜ. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 2020ರಲ್ಲಿ ಪೊರೆ ತೆಗೆಯುವ ಸರ್ಜನ್ ಫೀಯನ್ನು ಸುಮಾರು ಶೇ. 15ರಷ್ಟು ಕಡಿಮೆ ಮಾಡಿದರು. 650 ಡಾಲರ್ ಆಸುಪಾಸು ಇದ್ದದ್ದು 550ರ ಹತ್ತಿರ ಬಂತು. ಆದರೆ ಆ ಫೀಯಲ್ಲಿ ರೋಗಿಯ ಪಾಲು ಶೇ. 20. ಅಂದರೆ ಅವರಿಗೆ ಉಳಿದದ್ದು 20 ಡಾಲರ್ ಅಷ್ಟೇ. ಥಿಯೇಟರ್ ಬಿಲ್ ಬೇರೆ, ಅದು ಸರ್ಜನ್ ಫೀಗಿಂತ ಜಾಸ್ತಿ.

ಫೀ ಇಳಿದಾಗ ಕೆಲವರು ಆಪರೇಷನ್ ಕಡಿಮೆ ಮಾಡಬಹುದು, ಕೆಲವರು ನಷ್ಟ ತುಂಬಲು ಹೆಚ್ಚು ಮಾಡಬಹುದು. ಪೊರೆ ಇವತ್ತೇ ತೆಗೆಯಬೇಕು ಅಂತಿರುವುದಿಲ್ಲ. ಯಾವಾಗ ಎಂಬುದು ಬಹಳ ಸಲ ಡಾಕ್ಟರ್ ಮಾತಿನ ಮೇಲೆ ನಿಂತಿರುತ್ತದೆ. ನನಗೆ ಚಿಂತೆ ಇರುವುದು ಅಲ್ಲೇ.

ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಡಾಕ್ಟರ್ ಫೀ, ಲೆನ್ಸ್, ಔಷಧ ಎಲ್ಲ ಸೇರಿ ಒಂದೇ ಪ್ಯಾಕೇಜ್. ಆ ರೇಟು ತೀರಾ ಬಿಗಿಯಾದರೆ ಖಾಸಗಿಯವರು ಕೇಸ್ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಆಗ ರೋಗಿ ಸೊಲ್ಲಾಪುರದ ಬಸ್ ಹತ್ತಬೇಕಾಗುತ್ತದೆ.

ನಿಮಗೆ ಹೇಳಿದ 18 ಮತ್ತು 40ರ ನಡುವಿನ ವ್ಯತ್ಯಾಸ ಹೆಚ್ಚಾಗಿ ಲೆನ್ಸಿನದೇ ಇರುತ್ತದೆ. ಲೆನ್ಸಿನ ಹೆಸರು, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಸುಮ್ನೆ ಒಟ್ಟು ಮೊತ್ತ ಕೇಳಿ ಬರಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಕರೆದುಕೊಂಡು ಹೋಗಿ.

ಇನ್ನೊಬ್ಬರು (ಶಹಾಪುರ): ಪುಕ್ಕಟೆ ಲೆನ್ಸ್ ಬೇಗ ಹಾಳಾಗುತ್ತದೆ ಅಂತಾರಲ್ಲ ಸರ್?

ಉತ್ತರ: ಇಲ್ಲ, ಹಾಕಿದ ಲೆನ್ಸ್ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ಮಡಚುವ ಲೆನ್ಸ್ 3 ಮಿ.ಮೀ.ಗಿಂತ ಚಿಕ್ಕ ಗಾಯದಲ್ಲಿ ಒಳಗೆ ಹೋಗುತ್ತದೆ. ಪುಕ್ಕಟೆಯಲ್ಲಿ ಮಡಚದ ಲೆನ್ಸ್ ಹಾಕಿದರೆ ಅದಕ್ಕೆ 6 ಮಿ.ಮೀ. ಆಸುಪಾಸು ಬೇಕು. ಹಾಗಾಗಿ ಗಾಯ ಮಾಯಲು ಸ್ವಲ್ಪ ದಿನ ಹೆಚ್ಚು, ಕನ್ನಡಕದ ನಂಬರ್ ಒಂದಿಷ್ಟು ಉಳಿಯಬಹುದು. ಬೇಳೆಯಲ್ಲಿನ ಹರಳು ಹುಡುಕಲು ಹತ್ತಿರದ ಕನ್ನಡಕ ಸಾಮಾನ್ಯವಾಗಿ ಎರಡರಲ್ಲೂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಅವ್ವನಿಗೆ ಶುಗರ್ ಇದೆ ಸರ್. ಸೋಮವಾರ ಜಿಮ್ಸ್‌ಗೆ ಬರುತ್ತೇವೆ.

ಉತ್ತರ: ಶುಗರ್ ರಿಪೋರ್ಟ್ ತನ್ನಿ. ಕಣ್ಣಿನ ಹಿಂದಿನ ಪರದೆಯನ್ನೂ ನೋಡಿಸಿ. ಅದಕ್ಕೆ ಹನಿ ಹಾಕುತ್ತಾರೆ, ಕೆಲವು ಗಂಟೆ ಇನ್ನೂ ಮಸುಕಾಗುತ್ತದೆ. ಅವ್ವನನ್ನು ಒಬ್ಬಳೇ ಆಳಂದದ ಬಸ್ ಹತ್ತಿಸಬೇಡಿ.