ಆಡುಸೋಗೆ: ಆಡು ಎಲ್ಲಿಂದ ಬಂತು, ಸೋಗೆ ಎಲ್ಲಿಂದ ಬಂತು?

ಗೆಳೆಯರೇ, ಮದ್ದಿನ ಗಿಡಗಳ ತೋಟಕ್ಕೆ ಹೆಸರುಫಲಕ ಬರೆಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪಟ್ಟಿ ಕೊಡಬೇಕು, ಆಡುಸೋಗೆ ಹತ್ತಿರ ಸಿಕ್ಕಿಹಾಕಿಕೊಂಡೆ. ಹೆಸರಿನ ಕೆಳಗೆ ‘ಆಡು ಮುಟ್ಟದ ಸೊಪ್ಪು’ ಅಂತ ಅರ್ಥ ಹಾಕಿದರೆ ಸರೀನಾ? ಹಾಗಾದರೆ ಈ ‘ಸೋಗೆ’ ಏನು?

---

> ‘ಆಡು ಮುಟ್ಟದ ಸೊಪ್ಪು’ ... ಸರೀನಾ?

ಅಲ್ಲ. ಅದು ತಮಿಳಿನ ‘ಆಡಾತೊಡೈ’ಗೆ ಹೇಳುವ ಅರ್ಥ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ ಕೊಟ್ಟ ವೈಜ್ಞಾನಿಕ ಹೆಸರು ‘ಜಸ್ಟಿಸಿಯ ಅಧತೋಡ’ದಲ್ಲಿ ಕೂತಿರುವುದೂ ಆ ಬಗೆಯ ಹೆಸರೇ. ನಮ್ಮ ಹೆಸರಲ್ಲಿ ‘ಮುಟ್ಟದ’ ಎಲ್ಲಿದೆ? ಮೇಲಾಗಿ ‘ಆಡುಮುಟ್ಟದ ಬಳ್ಳಿ’ ಅಂತ ಬೇರೆಯದೇ ಗಿಡ ಇದೆ. ಫಲಕ ನೋಡಿದವರು ಕಂಗಾಲು.

ಇನ್ನು ಸೋಗೆ. ಅಡಿಕೆ ಸೋಗೆ, ಕಬ್ಬಿನ ಸೋಗೆ, ನವಿಲಿನ ಸೋಗೆ, ಎಲ್ಲಾ ಉದ್ದಕ್ಕೆ ಇಳಿಬೀಳುವಂಥವು. ಈ ಗಿಡದ ಎಲೆ ನಡುವೆ ಅಗಲ, ತುದಿ ಚೂಪು, ಗೆಣ್ಣಿಗೆ ಎರಡೆರಡು ಎದುರುಬದುರು. ಸೋಗೆ ಅನ್ನಲು ಅದರಲ್ಲಿ ಏನಿದೆ? ಮರಾಠಿಯ ‘ಅಡುಳಸಾ’, ಹಿಂದಿಯ ‘ಅಡೂಸಾ’ ಪಕ್ಕದಲ್ಲಿಟ್ಟು ನೋಡಿ. ಎಲ್ಲಾ ಸಂಸ್ಕೃತದ ‘ಆಟರೂಷ’ದ ಮಕ್ಕಳು. ನಮ್ಮ ಬಾಯಿಗೆ ಬಂದಾಗ ಅರ್ಥ ಸಿಗದೆ, ಗೊತ್ತಿದ್ದ ಎರಡು ಪದಗಳಾಗಿ ಒಡೆದುಕೊಂಡಿದ್ದೇವೆ. ನನ್ನ ಲೆಕ್ಕ ಇಷ್ಟೇ.

---

> ಎಲ್ಲಾ ಸಂಸ್ಕೃತದ ‘ಆಟರೂಷ’ದ ಮಕ್ಕಳು

ಶುರುವಾಯ್ತು. ಯಾವ ಗಿಡ ಸಿಕ್ಕರೂ ಸಂಸ್ಕೃತದ ಬುಟ್ಟಿಗೆ ಹಾಕುವ ಚಾಳಿ! ಆಟರೂಷಕ್ಕೆ ಅಲ್ಲೇ ಧಾತು ತೋರಿಸಿ ನೋಡೋಣ. ಆ ‘ಟ’ ನೋಡಿದರೇ ಹೊರಗಿಂದ ಹೋದ ಪದ ಅಂತ ಅನ್ನಿಸಲ್ವಾ? ಇದೇ ಗಿಡದ ಇನ್ನೊಂದು ಸಂಸ್ಕೃತ ಹೆಸರು ‘ವಾಸಾ’ ಅವರದ್ದು. ಬಾಯಿ ತೆರೆದಂತಿರುವ ಹೂ ನೋಡಿ ಇಟ್ಟ ‘ಸಿಂಹಾಸ್ಯ’ವೂ ಅವರದ್ದೇ ಇರಲಿ. ಆಟರೂಷ ಮಾತ್ರ ನಮ್ಮಿಂದ ಹೋಗಿದ್ದು.

---

ಅನ್ನಿಸುವುದು ಆಧಾರ ಅಲ್ಲ. ದ್ರಾವಿಡ ಮೂಲರೂಪ ಕೊಡಿ, ಒಪ್ಪುತ್ತೇನೆ. ಕುರ್ಚಿ ಎರವಲು, ಅದರ ಮೇಲೆ ಕೂತೇ ಬರೀತೀರಿ. ಕೆಮ್ಮಿನ ಸೊಪ್ಪಿಗೆ ಮಾತ್ರ ಯಾಕೆ ಇಷ್ಟು ಮಡಿ?

---

ಎರವಲು ತಪ್ಪು ಅಂದೆನಾ? ಯಾರಿಂದ ಯಾರಿಗೆ ಅನ್ನೋದು ಪ್ರಶ್ನೆ. ಸುಮ್ನೆ ಮಾತು ತಿರುಗಿಸಬೇಡಿ.

---

ಇಬ್ಬರಿಗೂ ನಮಸ್ಕಾರ. ‘ಆಡುಸೋಗೆ, ಕೆಮ್ಮಿಗೆ’ ಅಂತಷ್ಟೇ ಬರೆಸುತ್ತೇನೆ, ಅರ್ಥದ ಸಾಲು ಬಿಟ್ಟೆ. ಪಟ್ಟಿಯಲ್ಲಿ ಮುಂದಿನದು ಒಂದೆಲಗ. ಅದರ ಕೆಳಗೆ ಬ್ರಾಹ್ಮಿ ಅಂತ ಹಾಕಬಹುದಾ?

---

ಖಂಡಿತ ಬೇಡ. ಒಂದೆಲಗ ಅಂದರೆ ಸಂಸ್ಕೃತದ ಮಂಡೂಕಪರ್ಣಿ, ಬ್ರಾಹ್ಮಿ ಬೇರೆ ಗಿಡ.

---

ಒಂದೆಲಗ ಅಂತ ಒಳ್ಳೆ ಕನ್ನಡ ಇರುವಾಗ ಮಂಡೂಕ ಯಾಕೆ?